ಗೆಳೆಯನಿಗೊಂದು ಪತ್ರ: ಟ್ಯುನಿಸ್‌ನ 11 ಖಾಲಿ ಕುರ್ಚಿಗಳು

ಪ್ರಿಯ ಗೆಳೆಯಾ,

"ಅರಬ್ ದೇಶಗಳಲ್ಲಿ ಜನ ಬೀದಿಗಿಳೀತಾರೆ, ಒಬ್ಬ ಓಡಿಹೋಗ್ತಾನೆ, ಇನ್ನೊಬ್ಬ ಬಂದು ಕೂರ್ತಾನೆ, ಅಲ್ಲಿ ಪ್ರಜಾಪ್ರಭುತ್ವ ಬೇರು ಬಿಡೋದಿಲ್ಲ ಬಿಡು" ಅಂತ ಬರೆದಿದ್ದೀಯ. ಈ ಮಾತು ನಾನು ಒಪ್ಪುವುದಿಲ್ಲ. ಒಪ್ಪದಿರುವುದಕ್ಕೆ ಕಾರಣ ಟ್ಯುನೀಷಿಯಾ. ಅಲ್ಲಿನ ಹತ್ತು ವರ್ಷವನ್ನು ತಿಂಗಳು ತಿಂಗಳಾಗಿ ನೋಡುತ್ತ ಹೋದರೆ ಯಾವ ಕೆಲಸ ಸರಿಯಾಯಿತು, ಯಾವುದು ಕೈಕೊಟ್ಟಿತು ಎಂದು ಬೊಟ್ಟು ಮಾಡಿ ತೋರಿಸಬಹುದು. ಜನರ ಗುಣದ ಮೇಲೆ ತಪ್ಪು ಹೊರಿಸುವ ಅಗತ್ಯ ಎಲ್ಲೂ ಬೀಳುವುದಿಲ್ಲ.

2010ರ ಡಿಸೆಂಬರ್ 17ರಂದು ಸೀದಿ ಬೂಝಿದ್ ಊರಲ್ಲಿ ತರಕಾರಿ ಗಾಡಿಯ ಮುಹಮ್ಮದ್ ಬುಅಝೀಝಿ ಬೆಂಕಿ ಹಚ್ಚಿಕೊಂಡದ್ದು ನಿನಗೆ ಗೊತ್ತು. ಅದೇ ವರ್ಷ ಮಾರ್ಚ್‌ನಲ್ಲಿ ಮೊನಾಸ್ತೀರ್‌ನಲ್ಲಿ ಇನ್ನೊಬ್ಬ ಬೀದಿ ವ್ಯಾಪಾರಿ ಹೀಗೇ ಸತ್ತಿದ್ದ. ಅಂತ್ಯಕ್ರಿಯೆಗೆ ಜನ ಸೇರಿದರು, ಅಲ್ಲಿಗೆ ಮುಗಿಯಿತು. 2008ರಲ್ಲಿ ಗಫ್ಸಾ ಸೀಮೆಯ ಫಾಸ್ಫೇಟ್ ಗಣಿ ಊರುಗಳು, ಮುಖ್ಯವಾಗಿ ರೆದೆಯೆಫ್, ಕೆಲಸಕ್ಕೆ ಆಯ್ಕೆಯಾದವರ ಪಟ್ಟಿಯಲ್ಲಿ ಮೋಸವಾಗಿದೆ ಎಂದು ಆರು ತಿಂಗಳು ಹೋರಾಡಿದವು. ಪೊಲೀಸರು ಊರನ್ನು ಸುತ್ತುವರಿದರು, ಉಳಿದ ದೇಶ ಸುಮ್ಮನಿತ್ತು. ಹಾಗಾದರೆ 2010ರಲ್ಲಿ ಬದಲಾದದ್ದೇನು? ಪ್ರತಿಭಟನೆಯ ಮೊಬೈಲ್ ವಿಡಿಯೊ ಅಲ್ ಜಝೀರಾ ಟಿವಿಗೆ ತಲುಪಿತು. ಅದಕ್ಕಿಂತ ದೊಡ್ಡ ಕಾರಣ ಯುಜಿಟಿಟಿ ಎಂಬ ಕಾರ್ಮಿಕ ಒಕ್ಕೂಟ. 1946ರಲ್ಲಿ ಫರ್ಹಾತ್ ಹಶ್ಶಾದ್ ಕಟ್ಟಿದ ಸಂಘಟನೆ ಅದು. ಅದರ ಶಾಖೆ ಇಲ್ಲದ ಪ್ರಾಂತ್ಯವಿಲ್ಲ. ರಾಜಧಾನಿಯಲ್ಲಿದ್ದ ನಾಯಕರು ಸರ್ಕಾರಕ್ಕೆ ಹತ್ತಿರದವರಾಗಿ ಹಿಂದೆಮುಂದೆ ನೋಡುತ್ತಿದ್ದಾಗ, ಊರೂರಿನ ಶಾಲಾ ಮೇಷ್ಟ್ರುಗಳ, ಅಂಚೆ ನೌಕರರ ಘಟಕಗಳು ಹುಡುಗರ ಜೊತೆ ನಿಂತವು, ಕಚೇರಿ ಬಾಗಿಲು ತೆರೆದವು. ಕಸರೀನ್ ಮತ್ತು ತಾಲಾದಲ್ಲಿ ಪೊಲೀಸರು ಗುಂಡು ಹಾರಿಸಿ ಹತ್ತಾರು ಜನರನ್ನು ಕೊಂದ ಮೇಲೆ ಕೇಂದ್ರ ಸಮಿತಿಗೂ ತಡೆಯಲಾಗಲಿಲ್ಲ. ಜನವರಿ 11ರಂದು ಪ್ರಾಂತ್ಯವಾರು ಮುಷ್ಕರಕ್ಕೆ ಒಪ್ಪಿಗೆ ಕೊಟ್ಟಿತು. 12ಕ್ಕೆ ಸ್ಫಾಕ್ಸ್ ಬಂದ್, 14ಕ್ಕೆ ರಾಜಧಾನಿ ಟ್ಯುನಿಸ್ ಬಂದ್. ಅದೇ ಸಂಜೆ, 23 ವರ್ಷ ಆಳಿದ ಅಧ್ಯಕ್ಷ ಬೆನ್ ಅಲಿ ಜೆದ್ದಾಕ್ಕೆ ವಿಮಾನ ಹತ್ತಿದ. ಸೈನ್ಯ ಅಲ್ಲಿ ಚಿಕ್ಕದು; ಈಜಿಪ್ಟಿನ ಸೈನ್ಯದಂತೆ ಕಾರ್ಖಾನೆ, ಜಮೀನು, ರಸ್ತೆ ಕಂಟ್ರಾಕ್ಟು ಇಟ್ಟುಕೊಂಡು ಕೂತದ್ದಲ್ಲ. ಅವನನ್ನು ಉಳಿಸಿಕೊಂಡು ಅದಕ್ಕೆ ಆಗಬೇಕಾದ್ದೇನೂ ಇರಲಿಲ್ಲ.

ಆ ರಾತ್ರಿಯ ಒಂದು ಸಂಗತಿ ಹೆಚ್ಚಿನವರ ಗಮನಕ್ಕೆ ಬಂದಿಲ್ಲ. ಪ್ರಧಾನಿ ಮುಹಮ್ಮದ್ ಗನ್ನೂಶಿ ಟಿವಿಯಲ್ಲಿ ಬಂದು, ಸಂವಿಧಾನದ 56ನೇ ವಿಧಿಯಂತೆ ಅಧ್ಯಕ್ಷರ ಅಧಿಕಾರ ವಹಿಸಿಕೊಂಡಿದ್ದೇನೆ ಎಂದರು. 56 ಅಂದರೆ ಅಧ್ಯಕ್ಷರು ತಾತ್ಕಾಲಿಕವಾಗಿ ಇಲ್ಲ ಎಂದರ್ಥ. ಬೆನ್ ಅಲಿ ಮರುದಿನ ವಾಪಸ್ ಬಂದಿದ್ದರೆ ಕಾನೂನಿನ ಪ್ರಕಾರ ಕುರ್ಚಿ ಅವನದೇ. ವಕೀಲರು ಈ ಅಪಾಯವನ್ನೇ ಎತ್ತಿ ತೋರಿಸಿದರು. ಬೆಳಗ್ಗೆ ಸಂವಿಧಾನ ಮಂಡಳಿ 57ನೇ ವಿಧಿಗೆ ದಾಟಿತು: ಸ್ಥಾನ ಪೂರ್ತಿ ತೆರವಾಗಿದೆ, ಸ್ಪೀಕರ್ ಫುಆದ್ ಮೆಬಝ್ಝಾ ಹಂಗಾಮಿ ಅಧ್ಯಕ್ಷ. ಬೆನ್ ಅಲಿ ವಾಪಸ್ ಬರುವ ಬಾಗಿಲನ್ನು ಮುಚ್ಚುವ ಚಿಲಕ ಒಂದು ವಿಧಿಯ ಸಂಖ್ಯೆಯಲ್ಲಿತ್ತು.

ಹಳೇ ಮಂತ್ರಿಗಳೇ ಮುಂದುವರಿದಾಗ ಒಳನಾಡಿನ ಜನ ರಾಜಧಾನಿಗೆ ಬಂದು ಕಸ್ಬಾದಲ್ಲಿ, ಪ್ರಧಾನಿ ಕಚೇರಿಯ ಎದುರೇ ಧರಣಿ ಕೂತರು, ಎರಡು ಸಲ. ಫೆಬ್ರವರಿ 27ಕ್ಕೆ ಗನ್ನೂಶಿ ರಾಜೀನಾಮೆ ಕೊಟ್ಟರು. ಮೊದಲು ಅಧ್ಯಕ್ಷರ ಚುನಾವಣೆ ಎಂಬ ಯೋಜನೆ ಬಿದ್ದುಹೋಯಿತು, ಮೊದಲು ಸಂವಿಧಾನ ಸಭೆ ಎಂದಾಯಿತು. ನಿಯಮ ಬರೆಯುವ ಕೆಲಸ ಕಾನೂನು ಪ್ರಾಧ್ಯಾಪಕ ಇಯಾದ್ ಬೆನ್ ಅಶೂರ್ ಅವರ ಅಧ್ಯಕ್ಷತೆಯ ಸಮಿತಿಗೆ ಹೋಯಿತು. ಅದರಲ್ಲಿ ಪಕ್ಷಗಳಿದ್ದವು, ಒಕ್ಕೂಟವಿತ್ತು, ವಕೀಲರು, ಪ್ರಾಂತ್ಯದವರು, ಹುತಾತ್ಮರ ಮನೆಯವರು ಇದ್ದರು. ಚುನಾವಣೆ ನಡೆಸಲು ಗೃಹ ಸಚಿವಾಲಯವನ್ನು ಬದಿಗಿಟ್ಟು ಹೊಸ ಸ್ವತಂತ್ರ ಆಯೋಗ ಮಾಡಿದರು.

ಈಗ ಲೆಕ್ಕ ನೋಡು, ಇದು ಇಡೀ ಕಥೆಯ ಮುಖ್ಯ ಭಾಗ. ನಮ್ಮಲ್ಲಿ ಒಂದು ಕ್ಷೇತ್ರಕ್ಕೆ ಒಬ್ಬ ಶಾಸಕ, ಹೆಚ್ಚು ಓಟು ಪಡೆದವನು ಗೆದ್ದ. ಅಲ್ಲಿ ದೊಡ್ಡ ಕ್ಷೇತ್ರ, ಹಲವು ಸೀಟು, ಪಕ್ಷಕ್ಕೊಂದು ಪಟ್ಟಿ. ಪಟ್ಟಿಯಲ್ಲಿ ಒಂದು ಹೆಸರು ಗಂಡಸಿನದಾದರೆ ಮುಂದಿನದು ಹೆಂಗಸಿನದು, ಇದು ಕಡ್ಡಾಯ. ಒಂದು ಕ್ಷೇತ್ರದಲ್ಲಿ 8 ಸೀಟು, 80,000 ಓಟು ಬಿದ್ದಿವೆ ಅಂದುಕೋ. ಭಾಗಿಸಿದರೆ ಒಂದು ಸೀಟಿನ ಬೆಲೆ 10,000. ದೊಡ್ಡ ಪಕ್ಷಕ್ಕೆ 32,000 ಬಂದಿದೆ: 3 ಸೀಟು ನೇರ, ಮಿಕ್ಕಿದ್ದು 2,000. ಮುಂದಿನ ಐದು ಪಕ್ಷಗಳಿಗೆ 9,000, 8,000, 7,000, 6,000, 5,000. ಉಳಿದ 13,000 ಓಟು ಚೂರುಚೂರಾಗಿ ಹಂಚಿಹೋಗಿವೆ. ಪೂರ್ತಿ 10,000 ಯಾರಿಗೂ ಇಲ್ಲ. ಆದ್ದರಿಂದ ಬಾಕಿ 5 ಸೀಟು, ಶೇಷ ಯಾರದು ದೊಡ್ಡದೋ ಅವರಿಗೆ: ಆ ಐದು ಪಕ್ಷಕ್ಕೂ ಒಂದೊಂದು. ದೊಡ್ಡ ಪಕ್ಷಕ್ಕೆ 8ರಲ್ಲಿ 3. ಅದೇ ಓಟುಗಳನ್ನು ಯುರೋಪಿನ ಹಲವು ದೇಶಗಳಲ್ಲಿರುವ ಡಾಂಟ್ ಸೂತ್ರದಲ್ಲಿ, ಅಂದರೆ ಓಟನ್ನು 1, 2, 3 ಹೀಗೆ ಭಾಗಿಸುತ್ತ ಹೋಗುವ ಲೆಕ್ಕದಲ್ಲಿ ಹಂಚಿದರೆ ದೊಡ್ಡ ಪಕ್ಷಕ್ಕೆ 5, ಮುಂದಿನ ಮೂವರಿಗೆ ಒಂದೊಂದು, ಉಳಿದ ಇಬ್ಬರಿಗೆ ಸೊನ್ನೆ. ನೀನೇ ಕಾಗದದ ಮೇಲೆ ಹಾಕಿ ನೋಡು.

2011ರ ಅಕ್ಟೋಬರ್ 23ಕ್ಕೆ, ಸಂವಿಧಾನ ಸಭೆಯ ಚುನಾವಣೆಯಲ್ಲಿ, ನಿಜಕ್ಕೂ ಆದದ್ದು ಇದೇ. ಇಸ್ಲಾಮಿ ಪಕ್ಷ ಎನ್ನಹ್ದಾಗೆ ಸುಮಾರು 37 ಶೇಕಡಾ ಓಟು, 217ರಲ್ಲಿ 89 ಸೀಟು. ಡಾಂಟ್ ಸೂತ್ರವಿದ್ದಿದ್ದರೆ ಆ ಒಂದೇ ಪಕ್ಷಕ್ಕೆ ದೊಡ್ಡ ಬಹುಮತ ಸಿಕ್ಕಿ, ಸಂವಿಧಾನವನ್ನು ತನ್ನಿಷ್ಟದಂತೆ ಬರೆದುಕೊಳ್ಳಬಹುದಿತ್ತು. 89 ಸೀಟಿಟ್ಟುಕೊಂಡು ಅದು ಎರಡು ಸೆಕ್ಯುಲರ್ ಪಕ್ಷಗಳ ಕೈ ಹಿಡಿಯಬೇಕಾಯಿತು. ಈ ಲೆಕ್ಕಕ್ಕೂ ಬೆಲೆ ತೆರಬೇಕಾಯಿತು ಅನ್ನು: ದೇಶದಲ್ಲಿ 1,500ಕ್ಕೂ ಹೆಚ್ಚು ಪಟ್ಟಿಗಳು ನಿಂತು, ಸುಮಾರು ಮೂರನೇ ಒಂದು ಭಾಗ ಓಟು ಒಂದೂ ಸೀಟು ಗೆಲ್ಲದ ಪಟ್ಟಿಗಳಿಗೆ ಹೋಯಿತು. ಮುಂದೆ ಸಾಮಾನ್ಯ ಸಂಸತ್ತಿಗೂ ಇದೇ ಸೂತ್ರ ಉಳಿಸಿಕೊಂಡದ್ದು ತಪ್ಪು ಎಂದೇ ನನ್ನ ಅಭಿಪ್ರಾಯ. ಸಂವಿಧಾನ ಬರೆಯುವ ಸಭೆಗೆ ಚೂರುಚೂರು ಸದನ ಒಳ್ಳೆಯದು. ಆಳುವ ಸರ್ಕಾರಕ್ಕೆ ಅದು ಕಾಲಿನ ಹಗ್ಗ.

ಸಂವಿಧಾನದ ಒಟ್ಟು ಕರಡಿಗೆ ಮೂರನೇ ಎರಡು ಬಹುಮತ, ಅಂದರೆ 145 ಓಟು ಬೇಕು ಎಂಬ ನಿಯಮವೂ ಕೆಲಸ ಮಾಡಿತು. 2012ರ ಆಗಸ್ಟ್‌ನ ಕರಡಿನಲ್ಲಿ ಹೆಣ್ಣು ಗಂಡಿಗೆ "ಪೂರಕ" ಎಂಬ ಅರ್ಥದ ಸಾಲು ಬಂದಾಗ ಹೆಂಗಸರು ಬೀದಿ ತುಂಬಿದರು, ಸಾಲು ಹೋಯಿತು. ಆಮೇಲೆ ಎರಡು ಕೊಲೆ. 2013ರ ಫೆಬ್ರವರಿ 6ಕ್ಕೆ ಎಡಪಂಥೀಯ ನಾಯಕ ಶುಕ್ರಿ ಬೆಲ್‌ಅಯಿದ್, ಜುಲೈ 25ಕ್ಕೆ ಸಭೆಯ ಸದಸ್ಯ ಮುಹಮ್ಮದ್ ಬ್ರಾಹ್ಮಿ, ಇಬ್ಬರನ್ನೂ ಅವರವರ ಮನೆಯ ಮುಂದೆ ಗುಂಡಿಟ್ಟು ಕೊಂದರು. ಕೈರೋದಲ್ಲಿ ಅದೇ ಜುಲೈ 3ಕ್ಕೆ ಸೈನ್ಯ ಅಧಿಕಾರ ಹಿಡಿದಾಗಿತ್ತು. ಟ್ಯುನಿಸ್‌ನಲ್ಲಿ ಸ್ಪೀಕರ್ ಮುಸ್ತಫಾ ಬೆನ್ ಜಾಫರ್ ಸಭೆಯನ್ನೇ ನಿಲ್ಲಿಸಿದರು.

ಆಗ ನಾಲ್ಕು ಸಂಸ್ಥೆಗಳು ಮಧ್ಯೆ ಬಂದವು: ಯುಜಿಟಿಟಿ, ಮಾಲೀಕರ ಸಂಘ ಯುಟಿಕಾ, ಮಾನವ ಹಕ್ಕು ಲೀಗ್, ವಕೀಲರ ಸಂಘ. 2015ರ ನೊಬೆಲ್ ಶಾಂತಿ ಪ್ರಶಸ್ತಿ ಇವರಿಗೇ. ಅವರ ವಿಧಾನ ಕಲಿಯುವಂಥದ್ದು. ಮಾತುಕತೆಗೆ ಕೂರುವ ಮೊದಲೇ ಪಕ್ಷಗಳು ವೇಳಾಪಟ್ಟಿಗೆ ಸಹಿ ಹಾಕಬೇಕು, ಸಹಿ ಇಲ್ಲದವರಿಗೆ ಮೇಜಿನಲ್ಲಿ ಜಾಗವಿಲ್ಲ. ಸರ್ಕಾರದ ರಾಜೀನಾಮೆ, ಸಂವಿಧಾನ, ಚುನಾವಣಾ ಆಯೋಗ ಮೂರೂ ಒಟ್ಟೊಟ್ಟಿಗೆ ಸಾಗಬೇಕು. ಒಂದು ಮುಗಿದ ಮೇಲೆ ಇನ್ನೊಂದು ಎಂದರೆ ಯಾರಾದರೂ ಒಬ್ಬರು ಮೋಸ ಮಾಡುತ್ತಾರೆ ಎಂಬ ಭಯ ಹೋಗುವುದಿಲ್ಲ. ಸೀಟು ಎಷ್ಟೇ ಇರಲಿ, ಮೇಜಿನಲ್ಲಿ ಎಲ್ಲ ಪಕ್ಷದ ಮಾತಿಗೂ ಒಂದೇ ತೂಕ. ಕಾರ್ಮಿಕರ ಹುಸೇನ್ ಅಬ್ಬಾಸಿ ಮತ್ತು ಮಾಲೀಕರ ವಿದಾದ್ ಬೂಶಮ್ಮಾವಿ ಪಕ್ಕಪಕ್ಕ ಕೂತಾಗ ಪಕ್ಷಗಳಿಗೆ ತಪ್ಪಿಸಿಕೊಳ್ಳಲು ದಾರಿ ಇರಲಿಲ್ಲ, ಏಕೆಂದರೆ ದೇಶವನ್ನು ನಿಲ್ಲಿಸಬಲ್ಲ ಎರಡೂ ಕೈಗಳು ಅಲ್ಲೇ ಇದ್ದವು. 2014ರ ಜನವರಿ 26ರಂದು ಸಂವಿಧಾನ ಅಂಗೀಕಾರವಾಯಿತು: ಪರ 200, ವಿರೋಧ 12, ತಟಸ್ಥ 4. ಗೆದ್ದ ಪಕ್ಷ ಸೋಲದೆಯೇ ಅಧಿಕಾರ ಬಿಟ್ಟಿತು. ಇದನ್ನೆಲ್ಲ ಮಾಡಿದ ಜನರನ್ನು ಪ್ರಜಾಪ್ರಭುತ್ವಕ್ಕೆ ಲಾಯಕ್ಕಲ್ಲ ಎನ್ನಲು ನನಗೆ ಬಾಯಿ ಬರುವುದಿಲ್ಲ.

ಹಾಗಾದರೆ ಎಲ್ಲಿ ಕೆಟ್ಟಿತು? ಆ ಸಂವಿಧಾನದಲ್ಲಿ 12 ಸದಸ್ಯರ ಸಾಂವಿಧಾನಿಕ ನ್ಯಾಯಾಲಯವಿತ್ತು. ಸಂಸತ್ತು 4, ನ್ಯಾಯಾಂಗ ಪರಿಷತ್ತು 4, ಅಧ್ಯಕ್ಷರು 4 ಜನರನ್ನು ಆರಿಸಬೇಕು, ಸಂಸತ್ ಚುನಾವಣೆಯಾದ ಒಂದು ವರ್ಷದೊಳಗೆ. 2015ರ ಕಾನೂನು ಇನ್ನೊಂದು ಗಂಟು ಹಾಕಿತು: ಮೊದಲು ಸಂಸತ್ತು, ಆಮೇಲೆ ಪರಿಷತ್ತು, ಕೊನೆಗೆ ಅಧ್ಯಕ್ಷರು. ಸಂಸತ್ತಿನಲ್ಲಿ ಪ್ರತಿ ಹೆಸರಿಗೂ 145 ಓಟು ಬೇಕು, ಅದೂ ಗುಪ್ತ ಮತದಾನ. ಇವನು ನಮ್ಮವನು, ಅವನು ನಿಮ್ಮವನು ಎಂದು ಚೌಕಾಶಿ ನಡೆದು, ಸುತ್ತಿನ ಮೇಲೆ ಸುತ್ತು ಮತದಾನವಾಗಿ, 2018ರಲ್ಲಿ ಒಬ್ಬರೇ ಒಬ್ಬರು ಆಯ್ಕೆಯಾದರು: ನ್ಯಾಯಾಧೀಶೆ ರೌದಾ ವರ್ಸಿಗ್ನಿ. ಉಳಿದ 11 ಕುರ್ಚಿ ಖಾಲಿ. 2019ರ ಜೂನ್‌ನಲ್ಲಿ ಅಧ್ಯಕ್ಷ ಬಾಜಿ ಕಾಯಿದ್ ಸೆಬ್ಸಿ ಆಸ್ಪತ್ರೆ ಸೇರಿದಾಗ, ಸ್ಥಾನ ತೆರವಾಗಿದೆ ಎಂದು ಹೇಳಬೇಕಾದ ನ್ಯಾಯಾಲಯವೇ ಇಲ್ಲ ಎಂದು ದೇಶ ಒಂದು ಕ್ಷಣ ಬೆಚ್ಚಿತು. ಆಗಲೂ ಯಾರೂ ಕುರ್ಚಿ ತುಂಬಲಿಲ್ಲ. 2021ರಲ್ಲಿ ಸಂಸತ್ತು ಎಚ್ಚೆತ್ತು 145ನ್ನು 131ಕ್ಕೆ ಇಳಿಸಲು ಹೊರಟಾಗ ಹೊಸ ಅಧ್ಯಕ್ಷ ಕೈಸ್ ಸಯೀದ್, ಗಡುವು ದಾಟಿ ವರ್ಷಗಳಾದವು ಎಂದು ಸಹಿ ಹಾಕಲಿಲ್ಲ. ಸಯೀದ್ ಕಾಲೇಜಿನಲ್ಲಿ ಪಾಠ ಮಾಡುತ್ತಿದ್ದದ್ದು ಸಂವಿಧಾನ ಕಾನೂನನ್ನೇ.

2021ರ ಜುಲೈ 25ಕ್ಕೆ ಅವರು 80ನೇ ವಿಧಿ ಎತ್ತಿಕೊಂಡರು. ಆ ವಿಧಿಯನ್ನು ಓದು: ಸನ್ನಿಹಿತ ಅಪಾಯವಿದ್ದರೆ ಅಧ್ಯಕ್ಷರು ವಿಶೇಷ ಕ್ರಮ ಕೈಗೊಳ್ಳಬಹುದು; ಆದರೆ ಆ ಅವಧಿಯುದ್ದಕ್ಕೂ ಸಂಸತ್ತು ಅಧಿವೇಶನದಲ್ಲಿರಬೇಕು, ಅದನ್ನು ವಿಸರ್ಜಿಸುವಂತಿಲ್ಲ; 30 ದಿನವಾದ ಮೇಲೆ ಸ್ಪೀಕರ್ ಅಥವಾ 30 ಸದಸ್ಯರು ಸಾಂವಿಧಾನಿಕ ನ್ಯಾಯಾಲಯಕ್ಕೆ ಹೋಗಿ, ಅಪಾಯ ಇನ್ನೂ ಇದೆಯೇ ಎಂದು ಕೇಳಬಹುದು. ಸಯೀದ್ ಸಂಸತ್ತನ್ನೇ ಸ್ಥಗಿತಗೊಳಿಸಿದರು, ಪ್ರಧಾನಿಯನ್ನು ವಜಾ ಮಾಡಿದರು. ಆ ರಾತ್ರಿ ಎನ್ನಹ್ದಾ ನಾಯಕ, ಸ್ಪೀಕರ್ ರಾಶಿದ್ ಗನ್ನೂಶಿ (2011ರ ಪ್ರಧಾನಿ ಗನ್ನೂಶಿ ಬೇರೆ, ಇವರು ಬೇರೆ) ಬಾರ್ದೋದ ಸಂಸತ್ ಭವನಕ್ಕೆ ಬಂದರೆ ಗೇಟಿಗೆ ಬೀಗ, ಒಳಗೆ ಸೈನಿಕರು. ಗೇಟಿನ ಸರಳುಗಳ ಈಚೆ ನಿಂತು ಉಪಸಭಾಪತಿ ಸಮೀರಾ ಶವಾಶಿ ಸಂವಿಧಾನದ ಹೆಸರೆತ್ತಿ ವಾದಿಸಿದರು, ಆಚೆ ನಿಂತ ಸೈನಿಕ ಒಪ್ಪಲಿಲ್ಲ. ಇಬ್ಬರಲ್ಲಿ ಯಾರ ಮಾತು ಸರಿ ಎಂದು ತೀರ್ಪು ಕೊಡುವವರು ದೇಶದಲ್ಲಿ ಇರಲಿಲ್ಲ.

ಆ ರಾತ್ರಿ ಬಹಳಷ್ಟು ಟ್ಯುನೀಷಿಯನ್ನರು ಸಂಭ್ರಮದಿಂದ ಬೀದಿಗೆ ಬಂದದ್ದನ್ನೂ ಮರೆಯಬಾರದು. ಕೋವಿಡ್‌ಗೆ ಆಸ್ಪತ್ರೆಗಳು ಕುಸಿದಿದ್ದವು, ಸೀದಿ ಬೂಝಿದ್, ಕಸರೀನ್‌ನ ಹುಡುಗರಿಗೆ ಹತ್ತು ವರ್ಷದ ನಂತರವೂ ಕೆಲಸವಿರಲಿಲ್ಲ, ಸಂಸತ್ತಿನಲ್ಲಿ ಹೊಡೆದಾಟ ಟಿವಿಯಲ್ಲಿ ಕಾಣುತ್ತಿತ್ತು. ಅವರ ಸಿಟ್ಟು ನ್ಯಾಯವಾದದ್ದು. ಆದರೆ ಆಮೇಲೆ ಬಂದದ್ದು ನೋಡು: 2022ರ ಜೂನ್‌ನಲ್ಲಿ ಒಂದೇ ದಿನ 57 ನ್ಯಾಯಾಧೀಶರ ವಜಾ, ಜುಲೈನಲ್ಲಿ ಮತದಾರರ ಮೂರನೇ ಒಂದು ಭಾಗವೂ ಬಾರದ ಜನಮತದಲ್ಲಿ ಹೊಸ ಸಂವಿಧಾನ, 2024ರಲ್ಲಿ ಆಡಳಿತ ನ್ಯಾಯಾಲಯ ಮೂವರು ಅಭ್ಯರ್ಥಿಗಳನ್ನು ಕಣಕ್ಕೆ ಸೇರಿಸಿ ಎಂದರೆ ಚುನಾವಣಾ ಆಯೋಗ ಕೇಳಲಿಲ್ಲ, ಮತದಾನಕ್ಕೆ ಕೆಲವೇ ದಿನವಿರುವಾಗ ಸಂಸತ್ತು ಆ ನ್ಯಾಯಾಲಯದ ಅಧಿಕಾರವನ್ನೇ ಕಿತ್ತುಕೊಂಡಿತು.

ನ್ಯಾಯಾಲಯವೊಂದಿದ್ದರೆ ಸಾಕು ಎಂದು ನಾನು ಹೇಳುತ್ತಿಲ್ಲ. ಈಜಿಪ್ಟಿನಲ್ಲಿ ಇತ್ತು; ಅದರಲ್ಲಿದ್ದವರು 2011ರಲ್ಲಿ ಪದಚ್ಯುತನಾದ ಅಧ್ಯಕ್ಷ ಮುಬಾರಕ್ ಕಾಲದ ನ್ಯಾಯಾಧೀಶರು. 2012ರ ಜೂನ್ 14ಕ್ಕೆ, ಅಧ್ಯಕ್ಷ ಚುನಾವಣೆಯ ಕೊನೇ ಸುತ್ತಿಗೆ ಎರಡು ದಿನ ಮೊದಲು, ಜನ ಆರಿಸಿದ ಕೆಳಮನೆಯನ್ನು ಚುನಾವಣಾ ಕಾನೂನಿನ ದೋಷದ ಮೇಲೆ ರದ್ದು ಮಾಡಿತು. ಆ ಕಾನೂನನ್ನು ಹೊರಡಿಸಿದ್ದು ಸೈನ್ಯದ ಮಂಡಳಿ. ಸೂಡಾನಿನಲ್ಲಿ ಸೈನ್ಯ ಮತ್ತು ಹೋರಾಟಗಾರರ ನಡುವಿನ 2019ರ ಒಪ್ಪಂದದ ಪ್ರಕಾರ 90 ದಿನದೊಳಗೆ ಶಾಸನ ಸಭೆ ಆಗಬೇಕಿತ್ತು. ಆಗಲೇ ಇಲ್ಲ. 2021ರ ಅಕ್ಟೋಬರ್ 25ಕ್ಕೆ ಸೇನಾಪತಿಗಳು ಅಧಿಕಾರ ಹಿಡಿದಾಗ ಎದುರು ನಿಲ್ಲಲು ಸದನವಿರಲಿಲ್ಲ, ಬೀದಿಯ ಪ್ರತಿರೋಧ ಸಮಿತಿಗಳಷ್ಟೇ ಇದ್ದವು.

ಸಿರಿಯಾದ ಅಧ್ಯಕ್ಷ ಅಸದ್ ಓಡಿಹೋದ ಮೇಲೆ ರಾಜಧಾನಿ ದಮಾಸ್ಕಸ್ ಏನಾಗುತ್ತೆ ಅಂತಲೂ ಕೇಳಿದ್ದೀಯ. ಚೌಕದ ಫೋಟೊ ಬಿಟ್ಟು 2025ರ ಮಾರ್ಚ್ 13ರ ಸಾಂವಿಧಾನಿಕ ಘೋಷಣೆಯನ್ನು ತೆಗೆದು ಓದು. ಐದು ವರ್ಷದ ಪರಿವರ್ತನಾ ಅವಧಿ. ಸಂಸತ್ತಿನ ಮೂರನೇ ಒಂದು ಭಾಗಕ್ಕೆ, 210ರಲ್ಲಿ 70 ಜನಕ್ಕೆ, ನೇಮಕ ಮಾಡುವವರು ಅಧ್ಯಕ್ಷರೇ. ಉಳಿದ 140 ಜನರ ಆಯ್ಕೆ ಜನರ ನೇರ ಓಟಿನಿಂದಲ್ಲ, ಸಣ್ಣ ಮತಮಂಡಳಿಗಳ ಮೂಲಕ. ಸರ್ವೋಚ್ಚ ಸಾಂವಿಧಾನಿಕ ನ್ಯಾಯಾಲಯದಲ್ಲಿ 7 ಸದಸ್ಯರು, ಏಳೂ ಜನರನ್ನು ಆರಿಸುವುದು ಅದೇ ಅಧ್ಯಕ್ಷರು. ಟ್ಯುನಿಸ್‌ನಲ್ಲಿ ಕುರ್ಚಿ ಖಾಲಿ ಬಿಟ್ಟರು, ಇಲ್ಲಿ ಎಲ್ಲ ಕುರ್ಚಿಗೂ ಒಬ್ಬರದೇ ಸಹಿ. ಅಲ್ಲಿಂದ ಬರುವ ಸುದ್ದಿಯಲ್ಲಿ ನಾನು ಹುಡುಕುತ್ತಿರುವುದು ಆ ಏಳು ಹೆಸರುಗಳನ್ನು, ಅವರಲ್ಲಿ ಒಬ್ಬರಾದರೂ ಅಧ್ಯಕ್ಷರ ಆದೇಶವೊಂದನ್ನು ತಡೆಹಿಡಿದರೇ ಎಂಬುದನ್ನು.

ನಿನ್ನ ಉತ್ತರಕ್ಕೆ ಕಾಯುತ್ತಿರುತ್ತೇನೆ.

ಇಂತಿ,
ನಿನ್ನ ಗೆಳೆಯ