ಹೆಸರು ಹೇಳದೆ ಹೋದ ಮೆಕ್ಯಾನಿಕ್ ಅಣ್ಣನಿಗೆ

ಅಣ್ಣಾ, ಹೆಸರು ಕೇಳುವಷ್ಟರಲ್ಲಿ ನೀವು ಹೊರಟೇಬಿಟ್ಟಿರಿ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ನನ್ನ ಹಳೇ ಕಾರು ಬೆಳಗ್ಗೆ ಸಲೀಸಾಗಿ ಸ್ಟಾರ್ಟ್ ಆಗುತ್ತಿತ್ತು. ಇಂಜಿನ್ ಚೆನ್ನಾಗಿ ಬಿಸಿಯಾದ ಮೇಲೆ, ಅದೂ ಏರು ಹತ್ತುವಾಗ, ಮಿಸ್ಸಿಂಗ್ (ಇಂಜಿನ್ ನಡುನಡುವೆ ಹೊಡೆತ ತಪ್ಪಿ ತಡವರಿಸುವುದು) ಶುರು. ಗ್ಯಾರೇಜಿಗೆ ಒಯ್ದರೆ ಏನೂ ಇಲ್ಲ! ಪ್ಲಗ್ ಬದಲಾಯಿತು, ಕಾರ್ಬ್ಯುರೇಟರ್ ಕ್ಲೀನ್ ಆಯಿತು. ಮಿಸ್ಸಿಂಗ್ ಹೋಗಲಿಲ್ಲ.

ನೀವು ಸ್ಪ್ಯಾನರ್ ಮುಟ್ಟುವ ಮೊದಲು ಕೇಳಿದ್ದು ಒಂದೇ: "ಬಿಸಿಯಾದಾಗ ಮಾತ್ರನಾ, ತೇವ ಇದ್ದಾಗಲೂನಾ?" ನನ್ನ ಪ್ರಕಾರ ಅರ್ಧ ಕೆಲಸ ಅಲ್ಲೇ ಮುಗಿದಿತ್ತು. ತೇವದಲ್ಲಿ ಜಾಸ್ತಿಯಾದರೆ ಪ್ಲಗ್ ವೈರ್, ಪ್ಲಗ್‌ಗಳಿಗೆ ಕರೆಂಟ್ ಹಂಚುವ ಡಿಸ್ಟ್ರಿಬ್ಯೂಟರಿನ ಕ್ಯಾಪ್ ಮೇಲೆ ಅನುಮಾನ. ಬಿಸಿಯಲ್ಲಾದರೆ ಕಿಡಿಗೆ ಬೇಕಾದ ಹೈ ವೋಲ್ಟೇಜ್ ಕೊಡುವ ಇಗ್ನಿಷನ್ ಕಾಯಿಲ್ ಮೇಲೆ. ತಣ್ಣಗಿದ್ದಾಗ ಮೀಟರ್ ಇಟ್ಟರೆ ಕಾಯಿಲ್ ಸರಿಯಾಗೇ ಇತ್ತು. ಬೇರೆ ಯಾರಾದರೂ ಅಲ್ಲಿಗೇ ಬಿಡುತ್ತಿದ್ದರು. ನೀವು ಇಂಜಿನ್ ಓಡಿಸಿ, ಮಿಸ್ ಹೊಡೆದ ಕೂಡಲೇ ಆಫ್ ಮಾಡಿ, ಮತ್ತೆ ಅಳೆದಿರಿ. ಕಾಯಿಲ್ ಒಳಗಿನ ಸೆಕೆಂಡರಿ ವೈಂಡಿಂಗಿನ (ಹೈ ವೋಲ್ಟೇಜ್ ಕೊಡುವ ತಂತಿ ಸುರುಳಿಯ) ಓಮ್ಸ್, ಅಂದರೆ ರೆಸಿಸ್ಟೆನ್ಸ್, ಎಲ್ಲಿಗೋ ಹಾರಿತ್ತು. ಒಳಗೆ ಕಡಿದ ತಂತಿ ಬಿಸಿಗೆ ಹಿಗ್ಗಿ ಬಿಟ್ಟುಕೊಳ್ಳುತ್ತದೆ, ತಣ್ಣಗಾದರೆ ಮತ್ತೆ ತಾಗುತ್ತದೆ ಅಂತ ವಿವರಿಸಿದಿರಿ. ಗ್ಯಾರೇಜಿನಲ್ಲಿ ಅದು ಸಿಗದಿದ್ದದ್ದು ಇದಕ್ಕೇ ಅಲ್ವಾ! ಏರಿನಲ್ಲೇ ಯಾಕೆ ಅಂದಿದ್ದಕ್ಕೂ ಉತ್ತರ ಸಿಕ್ಕಿತು: ಲೋಡ್ ಬಿದ್ದಾಗ ಸಿಲಿಂಡರಿನಲ್ಲಿ ಒತ್ತಡ ಜಾಸ್ತಿ, ಕಿಡಿ ಹಾರಲು ವೋಲ್ಟೇಜೂ ಜಾಸ್ತಿ ಬೇಕು.

ಇಷ್ಟಾದರೂ ದುಡ್ಡು ಮುಟ್ಟಲಿಲ್ಲ ನೀವು.

ಕಾಯಿಲ್ ಬದಲಾಯಿಸಿದ್ದೇನೆ. ಏರಿನಲ್ಲೂ ಗಾಡಿ ತಡವರಿಸುತ್ತಿಲ್ಲ. ನೀವು ಹೇಳಿದ ಹಾಗೆ ಕ್ಯಾಪನ್ನೂ ಬಿಚ್ಚಿ ನೋಡಿದೆ, ಬಿರುಕಿಲ್ಲ. ತುಂಬಾ ಥ್ಯಾಂಕ್ಸ್ ಅಣ್ಣಾ.