ಕೋವಿ ನಮ್ಮದು, ಬೋಲ್ಟ್ ಯಾರದು?

ಗೆ,
ಮಾಲೀಕರು,
ಕೋವಿ ಮಾರಾಟ ಮತ್ತು ರಿಪೇರಿ ಅಂಗಡಿ, ಮೈಸೂರು

ವಿಷಯ: ಠೇವಣಿ ಇಟ್ಟ 315 ರೈಫಲ್ ಬೇರೆ ಬೋಲ್ಟ್ (ತೋಟಾವನ್ನು ಹಿಂದಿನಿಂದ ಮುಚ್ಚಿ ಹಿಡಿಯುವ ಭಾಗ) ಹಾಕಿಕೊಂಡು ವಾಪಸ್ ಬಂದಿರುವ ಬಗ್ಗೆ

ಮಾನ್ಯರೇ,

ಆರು ಸಲ ಫೋನ್ ಮಾಡಿದ್ದೇನೆ. ಮೂರು ಸಲ ಪಾಂಡವಪುರದಿಂದ ಬಸ್ ಹತ್ತಿ ನಿಮ್ಮ ಅಂಗಡಿಗೆ ಬಂದಿದ್ದೇನೆ. ಒಂದು ಸಲವೂ ದನಿ ಏರಿಸಿ ಮಾತಾಡಲಿಲ್ಲ. ಅದಕ್ಕೇ ಯಾರೂ ಕಿವಿಗೆ ಹಾಕಿಕೊಳ್ಳಲಿಲ್ಲ ಅನ್ನಿಸುತ್ತದೆ.

2024ರ ಲೋಕಸಭಾ ಚುನಾವಣೆಗೆ ನೀತಿ ಸಂಹಿತೆ ಬಂತು, ಕೋವಿ ಠೇವಣಿ ಇಡಿ ಅಂದರು. ಮಾರ್ಚ್ ಕೊನೆಯಲ್ಲಿ ರೈಫಲ್ ತಂದು ನಿಮ್ಮಲ್ಲಿ ಇಟ್ಟೆ, ರಸೀದಿ ತಗೊಂಡೆ. ಜೂನ್‌ನಲ್ಲಿ ಬಿಡಿಸಿಕೊಂಡೆ. ಅವತ್ತು ಅಂಗಡಿಯಲ್ಲಿ ಕರೆಂಟ್ ಇರಲಿಲ್ಲ. ಬಾಡಿ, ಅಂದರೆ ಬೋಲ್ಟ್ ಕೂರುವ ಕೋವಿಯ ನಡುಭಾಗ, ಅದರ ಮೇಲಿನ ನಂಬರ್ ಮಾತ್ರ ನೋಡಿ ಹೊರಟೆ. ಮನೆಯಲ್ಲಿ ಎಣ್ಣೆ ಹಾಕಿ ಒರೆಸುವಾಗ ಗೊತ್ತಾಯಿತು. ಬಾಡಿ ಮೇಲೆ 4172, ನಳಿಗೆ ಮೇಲೆ 4172, ಬೋಲ್ಟಿನ ಹಿಡಿಯ ಬುಡದಲ್ಲಿ 4712.

ಇದು ನಮ್ಮಪ್ಪ ಕೊಂಡ ಕೋವಿ, ಬಂಗಾಳದ ಈಶಾಪುರದ ಸರ್ಕಾರಿ ಕೋವಿ ಕಾರ್ಖಾನೆಯದು. ಅಪ್ಪ ಸೈನ್ಯದಲ್ಲಿ ರೈಫಲ್ ರಿಪೇರಿ ಮಾಡುತ್ತಿದ್ದವರು. 303 ಅಳತೆಯದು ಸೈನ್ಯದ ತೋಟಾ, ಅದನ್ನು ನಮ್ಮಂಥವರಿಗೆ ಕೊಡೋದಿಲ್ಲ. ಅದಕ್ಕೇ 315 ತಗೊಂಡರು. ಒಳಗಿನ ಕೆಲಸವೆಲ್ಲ ಸೈನ್ಯದ ಹಳೆಯ ಲೀ ಎನ್‌ಫೀಲ್ಡ್ ರೈಫಲ್‌ನದೇ. ಎತ್ತು ಕೊಳ್ಳುವವರು ಸುಳಿ ನೋಡುವ ಹಾಗೆ ಅಪ್ಪ ಕೋವಿಯ ಗುರುತು ನೋಡುತ್ತಿದ್ದರು. ಕಿರೀಟ, ಅದರ ಕೆಳಗೆ ಜಿ.ಆರ್.ಐ. ಅಂತ ಇದ್ದರೆ ಬ್ರಿಟಿಷ್ ರಾಜರ ಕಾಲದ್ದು. ಅಶೋಕನ ಸಿಂಹ ಇದ್ದರೆ ಸ್ವಾತಂತ್ರ್ಯ ಬಂದ ಮೇಲಿನದು. ಆಮೇಲೆ ಬಾಡಿ, ನಳಿಗೆ, ಬೋಲ್ಟ್, ಮೂರರ ನಂಬರನ್ನೂ ಬೆರಳಿಟ್ಟು ಓದುತ್ತಿದ್ದರು. ನನ್ನ ಕೈಯಲ್ಲೂ ಓದಿಸುತ್ತಿದ್ದರು. ಆಗ ನನಗೆ ಹನ್ನೊಂದು ವರ್ಷ.

ಎರಡನೇ ಸಲ ಬಂದಾಗ ಆ ಬೋಲ್ಟನ್ನು ಬಟ್ಟೆಯಲ್ಲಿ ಸುತ್ತಿ ತಂದಿದ್ದೆ. ಕೌಂಟರಿನಲ್ಲಿದ್ದ ನಿಮ್ಮ ಹುಡುಗ ಅದನ್ನು ಎತ್ತಿ ನೋಡಿದ. “ಎಲ್ಲಾ ಸರಿ ಇದೆಯಲ್ಲ ಯಜಮಾನ್ರೇ. ನಾಲ್ಕು ಇದೆ, ಏಳು ಇದೆ, ಒಂದು ಇದೆ, ಎರಡು ಇದೆ” ಅಂದ. ಹಿಂದೆ ಮುಂದೆ ಆಗಿದೆಯಪ್ಪಾ ಅಂದೆ. ಪಕ್ಕದಲ್ಲಿ ತೋಟಾ ಕೊಳ್ಳಲು ಬಂದಿದ್ದ ಇಬ್ಬರು ನಕ್ಕರು. “ನಂಬರ್ ನೋಡ್ಕೊಂಡು ಏನ್ ಮಾಡ್ತೀರಾ, ಗುಂಡು ಹಾರಿದ್ರೆ ಸಾಕಲ್ವಾ” ಅಂದ. ಬೇರೆ ಬೋಲ್ಟ್ ಹಾಕಿ ಹೊಡೆಯೋದು ಅಪಾಯ ಅಂದೆ. ನನ್ನ ಕನ್ನಡಕ ತೋರಿಸಿ, “ಮೊದಲು ಅದರ ನಂಬರ್ ಚೆಕ್ ಮಾಡ್ಸಿ” ಅಂದ. ಅವರು ಇನ್ನೂ ಜೋರಾಗಿ ನಕ್ಕರು. ನೀವು ಒಳಗಿನ ಕುರ್ಚಿಯಲ್ಲೇ ಇದ್ದಿರಿ. ತಲೆ ಎತ್ತಿ ನನ್ನನ್ನು ನೋಡಿದಿರಿ, ಮತ್ತೆ ಮೊಬೈಲ್ ನೋಡಿದಿರಿ. ನಾನು ಬೋಲ್ಟನ್ನು ಬಟ್ಟೆಗೆ ಸುತ್ತಿಕೊಂಡೆ. ಗಂಟು ಕಟ್ಟೋಕೆ ಕೈ ಬರುತ್ತಿರಲಿಲ್ಲ. ಅರವತ್ತೊಂದು ವರ್ಷಕ್ಕೆ ಅಷ್ಟು ಚಿಕ್ಕವನಾಗಿ ಯಾವ ಅಂಗಡಿಯಲ್ಲೂ ನಿಂತಿರಲಿಲ್ಲ.

ಮೂರನೇ ಸಲ ನೀವೇ ಬಾಯಿಬಿಟ್ಟಿರಿ. ಜಾಗ ಸಾಲದೆ ಬೋಲ್ಟ್‌ಗಳನ್ನೆಲ್ಲ ಬಿಚ್ಚಿ ಒಂದೇ ಡಬ್ಬಕ್ಕೆ ಹಾಕಿದ್ದೆವು ಅಂದಿರಿ. ಮರುಕ್ಷಣವೇ, ರಸೀದಿಯಲ್ಲಿ ಬಾಡಿ ನಂಬರ್ ಮಾತ್ರ ಇದೆ, ನಮ್ಮ ಜವಾಬ್ದಾರಿ ಅಷ್ಟೇ ಅಂದಿರಿ.

ಕೋವಿ ವ್ಯಾಪಾರ ಮಾಡುವವರಿಗೆ ಇದು ಗೊತ್ತಿಲ್ಲದೆ ಇರುತ್ತದಾ? ಬೋಲ್ಟ್ ಸುಮ್ನೆ ಒಂದು ಕಬ್ಬಿಣದ ತುಂಡಲ್ಲ. ಅದರ ಹಿಂಭಾಗದ ಕಿವಿಯಂಥ ಉಬ್ಬುಗಳು ಅದೇ ಬಾಡಿಯ ಒಳಗೆ ಎರಡೂ ಕಡೆ ಸಮವಾಗಿ ಕೂರಬೇಕು. ಹಾಗೆ ಕೂರಿಸಿದ ಮೇಲೆಯೇ ಬಾಡಿಯ ನಂಬರನ್ನು ಅದರ ಮೇಲೂ ಹೊಡೆಯುತ್ತಾರೆ. ಬೇರೆ ಬೋಲ್ಟ್ ಹಾಕಿದರೆ ತೋಟಾದ ಹಿಂದೆ ಜಾಗ ಜಾಸ್ತಿ ಉಳಿಯಬಹುದು. ಆಗ ತೋಟಾ ಸೀಳಿ, ಬಿಸಿ ಗಾಳಿ ಹೊಡೆಯುವವನ ಮುಖಕ್ಕೇ ಬರಬಹುದು. ಆ ಜಾಗ ಅಳೆಯುವ ಗೇಜ್ ಹಾಕಿ ನೋಡದೆ ಯಾರೂ ಇದನ್ನು ಹೊಡೆಯಬಾರದು. ಗೇಜ್ ಹಾಕಿ ನೋಡಿದಿರಾ ಅಂತ ಕೇಳಿದೆ. ಉತ್ತರ ಬರಲಿಲ್ಲ.

ನಮ್ಮ ಬೋಲ್ಟ್ ಈಗ ಇನ್ಯಾರದೋ ಕೋವಿಯಲ್ಲಿದೆ. ಆತ ನಂಬರ್ ನೋಡಿರಲಿಕ್ಕಿಲ್ಲ. ಕಬ್ಬಿನ ಗದ್ದೆಗೆ ಹಂದಿ ನುಗ್ಗಿದ ರಾತ್ರಿ ಅದನ್ನೇ ಎತ್ತಿಕೊಂಡು ಹೋಗುತ್ತಾನೆ. ಅದನ್ನು ನೆನೆಸಿಕೊಂಡರೆ ನನಗೆ ನಿದ್ದೆ ಬರುತ್ತಿಲ್ಲ. ನಿಮಗೆ ಬರುತ್ತಿದೆಯಾ?

ಕಳೆದ ವಾರ ನಿಮ್ಮ ಹುಡುಗ ಫೋನ್ ಮಾಡಿದ್ದ. “ಬೋಲ್ಟ್ ತಗೊಂಡು ಬನ್ನಿ, ಹಳೇ ನಂಬರ್ ಉಜ್ಜಿ ನಿಮ್ಮ ನಂಬರ್ ಹೊಡೆದುಕೊಡ್ತೀವಿ, ಐನೂರು ಆಗುತ್ತೆ” ಅಂದ. ಈ ಪತ್ರ ಬರೆಯಲು ಕೂತದ್ದು ಆ ಮಾತಿಗೆ. ಕೋವಿಯ ಮೇಲಿನ ನಂಬರನ್ನು ಅಳಿಸಬಾರದು, ತಿದ್ದಬಾರದು ಅಂತ 1959ರ ಆಯುಧ ಕಾಯ್ದೆಯ 8ನೇ ಸೆಕ್ಷನ್ ಹೇಳುತ್ತದೆ. ನಿಮ್ಮ ಲೈಸೆನ್ಸ್ ಕೂಡ ಅದೇ ಕಾಯ್ದೆಯಲ್ಲಿ ಸಿಕ್ಕಿದ್ದು.

ಹದಿನೈದು ದಿನ ಕೊಡುತ್ತೇನೆ. ಆ ಚುನಾವಣೆಗೆ ನಿಮ್ಮಲ್ಲಿ ಕೋವಿ ಇಟ್ಟ ಎಲ್ಲರಿಗೂ ಫೋನ್ ಮಾಡಿ, ಬೋಲ್ಟ್ ನಂಬರ್ ನೋಡಿಸಿ. ಅಲ್ಲಿಯವರೆಗೆ ಹೊಡೆಯಬೇಡಿ ಅಂತ ಹೇಳಿ. 4172 ಬೋಲ್ಟ್ ನನ್ನ ಕೈ ಸೇರಬೇಕು. ಮಂಡ್ಯದ ಜಿಲ್ಲಾಧಿಕಾರಿ ಕಚೇರಿಗೆ, ಮೈಸೂರಿನ ಪೊಲೀಸ್ ಕಮಿಷನರ್ ಕಚೇರಿಗೆ, ಗ್ರಾಹಕರ ಆಯೋಗಕ್ಕೆ ಮೂರು ಅರ್ಜಿ ಬರೆದು ಇಟ್ಟಿದ್ದೇನೆ. ನಂಬರ್‌ಗಳ ಫೋಟೋ, ರಸೀದಿ, ಲೈಸೆನ್ಸ್ ಪುಸ್ತಕದ ನಕಲು ಜೊತೆಗಿವೆ. ಉಜ್ಜಿ ಕೊಡ್ತೀವಿ ಅಂದ ಫೋನ್ ಮಾತು ನನ್ನ ಮೊಬೈಲ್‌ನಲ್ಲಿ ರೆಕಾರ್ಡ್ ಆಗಿದೆ.

ಬೋಲ್ಟ್ ವಾಪಸ್ ಬಂದರೂ ಕಮಿಷನರ್ ಕಚೇರಿಯ ಅರ್ಜಿಯನ್ನು ಕೊಟ್ಟೇ ಕೊಡುತ್ತೇನೆ.

ಇಂತಿ,
ನಿಮ್ಮಲ್ಲಿ ಕೋವಿ ಇಟ್ಟ ಪಾಂಡವಪುರ ತಾಲ್ಲೂಕಿನ ರೈತ