ಎರಡೂ ಮಂಡಿಗೆ ಕೈಯಿಟ್ಟು ನೋಡಿದ ಅತ್ತಿಗೆಗೆ

ಕೋಲನ್ನು ಬಾಗಿಲ ಹಿಂದೆ ಇಟ್ಟು ಇವತ್ತಿಗೆ ಒಂಬತ್ತು ದಿನ. ಎಡ ಮಂಡಿ ಊದಿ ಮಲಗಿದ್ದಾಗ ವಿಚಾರಿಸಿದವರಿಗೆಲ್ಲ ಒಬ್ಬೊಬ್ಬರಾಗಿ ಉತ್ತರ ಕೊಡೋಕೆ ಆಗಲಿಲ್ಲ, ಅದಕ್ಕೇ ಇದು. ಎಷ್ಟು ದಿನ ಮಲಗಿದ್ದೆ ಅನ್ನೋದು ನಿಮಗೆ ಗೊತ್ತೇ ಇದೆ, ಮತ್ತೆ ಹೇಳಲ್ಲ.

ಆಫೀಸಿನಲ್ಲಿ ನನ್ನ ಕೆಲಸ ಹಂಚಿಕೊಂಡವರು, ಮಗಳನ್ನು ಸ್ಕೂಲಿಗೆ ಬಿಟ್ಟು ಕರೆತಂದ ಪಕ್ಕದ ಮನೆಯವರು, ಕಮೋಡಿನ ಮೇಲೆ ಇಡುವ ಎತ್ತರದ ಸೀಟನ್ನು ಎಲ್ಲಿಂದಲೋ ಹುಡುಕಿ ತಂದ ಗೆಳೆಯ, ನಿಮಗೆಲ್ಲ ಕೈ ಮುಗಿಯುತ್ತೇನೆ. (ಸೀಟು ವಾಪಸ್ ಕೊಡಬೇಕು, ನೆನಪಿದೆ ಮಾರಾಯ.)

ಇನ್ನು ಅತ್ತಿಗೆ. ನಿಮಗೆಲ್ಲ ಒಂದು ಸಾಲು, ಅವರಿಗೆ ಇಷ್ಟುದ್ದ ಅಂತ ಬೇಜಾರು ಮಾಡ್ಕೋಬೇಡಿ.

ಊತ ಬಂದ ವಾರವೆಲ್ಲ ನಾನು "ಉಳುಕಿದೆ ಅಷ್ಟೇ" ಅಂತ ಮಂಡಿಗೆ ಶಾಖ ಕೊಡುತ್ತಾ ಕೂತಿದ್ದೆ. ಚಿಪ್ಪಿನ ಅಕ್ಕಪಕ್ಕದ ಗುಳಿಗಳು ಮುಚ್ಚಿಹೋಗಿದ್ದವು, ಆದರೂ ಸುಮ್ನೆ ಇದ್ದೆ. ಆ ರಾತ್ರಿ ನಡುಕ ಶುರುವಾಯ್ತು. ಅತ್ತಿಗೆ ಬಂದವರು ಏನೂ ಕೇಳಲಿಲ್ಲ. ಕೈಯ ಹಿಂಬದಿಯನ್ನು ಮೊದಲು ಚೆನ್ನಾಗಿದ್ದ ಮಂಡಿಗೆ ಇಟ್ಟರು, ಆಮೇಲೆ ಊದಿದ್ದಕ್ಕೆ. "ಉಳುಕಿದ್ರೆ ಜ್ವರ ಯಾಕೆ ಬರುತ್ತೆ?" ಅಂದರು. ಬೆಳಿಗ್ಗೆ ಆಸ್ಪತ್ರೆಗೆ ಹೋಗೋಣ ಅಂದೆ. ಅವರು ಆಗಲೇ ಚಪ್ಪಲಿ ಹಾಕಿಕೊಂಡಿದ್ದರು.

ಸರಿಯಿರುವ ಮಂಡಿಯೊಳಗೆ ಒಂದು ಟೀ ಚಮಚದಷ್ಟೂ ನೀರು ಇರಲ್ಲವಂತೆ. ನನ್ನದರಿಂದ 60 ಮಿ.ಲೀ. ತೆಗೆದರು. ತಿಳಿ ಹಳದಿ ಇರಬೇಕಾದದ್ದು ರಾಡಿಯಾಗಿತ್ತು. ಸೋಂಕು. ಇನ್ನೊಂದೆರಡು ದಿನ ಶಾಖ ಕೊಡುತ್ತಾ ಕೂತಿದ್ದರೆ ಕೀಲಿನ ಒಳಮೈಯೇ ಹಾಳಾಗುತ್ತಿತ್ತೇನೋ.

ಆ ರಾತ್ರಿ ಹೊದಿಕೆಯ ಭಾರವನ್ನೂ ಮಂಡಿ ತಡೆಯುತ್ತಿರಲಿಲ್ಲ. ಚಳಿಗೆ ಹೊದಿಕೆ ಬೇಕು, ಮಂಡಿಗೆ ತಾಗಿದರೆ ಜೀವ ಹೋಗುತ್ತೆ. ಅತ್ತಿಗೆ ಅದರ ಅಂಚನ್ನು ಕೈಯಲ್ಲಿ ಎತ್ತಿ ಹಿಡಿದು ಕೂತರು. ಕೈ ಸೋತರೆ ಇನ್ನೊಂದು ಕೈ. ಎಷ್ಟೋ ಹೊತ್ತಾದ ಮೇಲೆ ಎದ್ದು ಹೋಗಿ ಒಂದು ಖಾಲಿ ರಟ್ಟಿನ ಡಬ್ಬಿ ತಂದು, ಎರಡು ಬದಿ ಹರಿದು, ಮಂಡಿಯ ಮೇಲೆ ಸೇತುವೆ ಥರ ನಿಲ್ಲಿಸಿದರು. ಅದರ ಮೇಲೆ ಹೊದಿಕೆ. ನನಗೆ ಆಗ ಅಳು ಬಂತು. ನೋವಿಗಲ್ಲ. ಮೂರು ವರ್ಷದ ಹಿಂದೆ ಅವರು ಆಪರೇಷನ್ ಆಗಿ ಮಲಗಿದ್ದಾಗ ನಾನು ಹೋಗಿ ಅರ್ಧ ಗಂಟೆ ಕೂತು ಬಂದಿದ್ದೆ, ಅದು ನೆನಪಾಯ್ತು.

ಸರಿ, ಮನೆಗೆ ಬಂದ ಮೇಲೆ ಅದೇ ಅತ್ತಿಗೆ ವೈರಿಯಾದರು. ಮಂಡಿ ಕೆಳಗೆ ದಿಂಬು ಇಟ್ಟರೆ ಎಷ್ಟು ಹಾಯಾಗಿರುತ್ತೆ! ಅದನ್ನು ಕಿತ್ತುಕೊಂಡು, ಸುತ್ತಿದ ಟವೆಲನ್ನು ಹಿಮ್ಮಡಿ ಕೆಳಗೆ ಇಡುತ್ತಿದ್ದರು. ಮಡಚಿಟ್ಟುಕೊಂಡೇ ಇದ್ದರೆ ಕಾಲು ಪೂರ್ತಿ ಚಾಚೋಕೆ ಬರಲ್ಲ ಅಂತ ವ್ಯಾಯಾಮ ಮಾಡಿಸುವ ಫಿಸಿಯೋ ಹೇಳಿದ್ದರು, ಅತ್ತಿಗೆ ಅದನ್ನು ದಿನಕ್ಕೆ ಹತ್ತು ಸಲ ಹೇಳಿದರು. ಮಂಡಿಯೊಳಗೆ ನೀರಿದ್ದರೆ ತೊಡೆಯ ಸ್ನಾಯು ಮಾತು ಕೇಳಲ್ಲ. ಎತ್ತು ಅಂದರೆ ಕಾಲು ಏಳಲ್ಲ. ಮೊದಲ ಸಲ ಎರಡು ಇಂಚು ಎತ್ತೋಕೆ ನನಗೆ ಐದು ದಿನ ಬೇಕಾಯ್ತು. ಕೋಲನ್ನು ನೋವಿರುವ ಕಡೆಯ ಕೈಯಲ್ಲಿ ಹಿಡಿದಿದ್ದೆ, ಅದಕ್ಕೂ ಬೈಗುಳ. ಎದುರು ಕೈಯಲ್ಲಿ ಹಿಡೀಬೇಕಂತೆ.

"ನಮ್ಮಮ್ಮನಿಗೂ ಮಂಡಿ ಊದಿದೆ, ಏನು ಮಾಡಲಿ" ಅಂತ ಇಬ್ಬರು ಕೇಳಿದ್ದೀರಿ. ಪೆಟ್ಟು, ಸವೆತ, ಯೂರಿಕ್ ಆಸಿಡ್, ಕಾರಣ ಏನು ಬೇಕಾದರೂ ಇರಬಹುದು, ನನ್ನ ಔಷಧಿ ಅವರಿಗೆ ಹೇಳಬೇಡಿ. ಕೆಂಪಾಗಿ ಬಿಸಿಯಾಗಿದ್ದರೆ, ಜ್ವರ ಇದ್ದರೆ, ಕಾಲೂರೋಕೆ ಆಗದಿದ್ದರೆ ಮಾತ್ರ ಅವತ್ತೇ ಹೋಗಿ. ನನ್ನ ಥರ ಕಾಯಬೇಡಿ.

ದಿನಾ ಬೆಳಿಗ್ಗೆ ಅತ್ತಿಗೆ ಟೈಲರ್ ಟೇಪಿನಲ್ಲಿ ಎರಡೂ ಮಂಡಿ ಅಳೆದು, ಚಿಪ್ಪಿನ ನಡುಮಧ್ಯಕ್ಕೇ ಟೇಪು ಹಿಡಿದು, ಕ್ಯಾಲೆಂಡರಿನ ಹಿಂದೆ ಬರೆಯುತ್ತಿದ್ದರು. ಮೊದಲ ದಿನ ಎಡ 42 ಸೆಂ.ಮೀ., ಬಲ 38. ಅವರು ಊರಿಗೆ ಹೋದ ಮೇಲೆ ನಾನೇ ಅಳೆಯುತ್ತೇನೆ. ಇವತ್ತು ಎಡ 38.5. ಫೋನಿನಲ್ಲಿ 38 ಅಂತ ಹೇಳಿದ್ದೆ. ಇದನ್ನು ಓದಿದ ಮೇಲೆ ಬೈಯಿರಿ ಅತ್ತಿಗೆ.